ಚಸ್ಮಾ ಬಿಟ್ಟ ದಿನದ ಜಿಲೇಬಿ

ನನ್ನ ಮೊಮ್ಮಗಳು ಭಾಗ್ಯಳಿಗೆ ಕೆಲಸ ಸಿಕ್ಕಿತು. ಅದೂ ಎಲ್ಲಿ ಅಂತೀರಿ? ನಾನು ಔಷಧದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅರ್ಧ ಆಯುಷ್ಯ ತಿರುಗಿದ ಅದೇ ಕಣ್ಣಿನ ಆಸ್ಪತ್ರೆಯ ವ್ಯಾನಿನಲ್ಲಿ! ನಾನು ಆಯಾ ಆಗಿದ್ದೆ, ಬಂದವರ ಕಣ್ಣಿಗೆ ಹನಿ ಹಾಕುವವಳು. ಅವಳು ಓದಿಕೊಂಡು ಬಂದವಳು, ಕ್ಯಾಮೆರಾದ ಹಿಂದೆ ಕೂತು ಕಣ್ಣಿನ ಒಳಗಿನ ಫೋಟೋ ತೆಗೆಯುತ್ತಾಳೆ. ಸುದ್ದಿ ಬಂದ ದಿನ ಬುದ್ಧನ ಫೋಟೋದ ಮುಂದೆ ಮೇಣದ ಬತ್ತಿ ಹಚ್ಚಿದೆ. ಆಮೇಲೆ ಓಣಿಗೆ ಹೋಗಿ ಸಿಕ್ಕವರಿಗೆಲ್ಲ ಹೇಳಿದೆ. ಹೇಳಿದವರಿಗೇ ಮತ್ತೊಮ್ಮೆ ಹೇಳಿದೆ.

"ಆಯಿ, ಸಾಕು ಬಿಡು. ಮಂದಿ ನಗಲಿಕತ್ತಾರ" ಅಂದಳು ಭಾಗ್ಯ.

ನಗಲಿ. ಇಂಥ ಸುದ್ದಿ ಹೊಟ್ಟೆಯೊಳಗೆ ಇಟ್ಟುಕೊಳ್ಳಲು ನನಗೆ ಬರುವುದಿಲ್ಲ.

ಅವಳೇ ಒಂದು ದಿನ ಪೆನ್ನು ಕೊಟ್ಟು ಕೂರಿಸಿದಳು. "ನಾವು ಹೊಸದಾಗಿ ಸೇರಿದವರು ಒಂದಿಷ್ಟು ಮಂದಿ ಇದ್ದೀವಿ. ಪುಸ್ತಕದಾಗ ಇರಲಾರದ್ದು ಏನರ ಇದ್ರ ಬರದುಕೊಡು ಆಯಿ." ನಾನು ಕಲಿತದ್ದು ನಾಲ್ಕನೇ ಇಯತ್ತೆ. ಒತ್ತಕ್ಷರ ತಪ್ಪಿದ ಕಡೆ ಅವಳು ತಿದ್ದಿದ್ದಾಳೆ, ಮಾತು ನನ್ನದೇ. ಬಡ್ತಿ ಗಿಡ್ತಿ ನನಗೆ ಬರಲಿಲ್ಲ, ಆದ್ದರಿಂದ ಅದರ ಸುದ್ದಿ ಇಲ್ಲಿಲ್ಲ. ನನ್ನನ್ನು ಬೆಚ್ಚಿಬೀಳಿಸಿದ್ದನ್ನಷ್ಟೇ ಬರೆಯುತ್ತೇನೆ. ಮಕ್ಕಳೇ, ಈ ಕೆಲಸಕ್ಕೆ ನಾನು ಸೇರಿದ ದಿನ ಬೆಚ್ಚಿಬಿದ್ದವಳು, ಬಿಡುವ ದಿನದವರೆಗೂ ಬೀಳುತ್ತಲೇ ಇದ್ದೆ.

ಮೊದಲೆಲ್ಲ ನಮ್ಮದು ಒಂದೇ ರೋಗದ ಆಸ್ಪತ್ರೆ. ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಇಷ್ಟು ಕಡೆ ಸರತಿಯ ಮೇಲೆ ಶಿಬಿರ. ಶಾಲೆಯ ಒಂದು ಕೋಣೆ, ಇಲ್ಲವೇ ಯಾವುದಾದರೂ ಸಮುದಾಯ ಭವನ. ಡಾಕ್ಟರು ಬ್ಯಾಟರಿ ಹಿಡಿದು ನೋಡುವರು, ಕಣ್ಣಲ್ಲಿ ಬಿಳುಪು ಕಂಡರೆ ಆಪರೇಷನ್ನಿಗೆ ಬರೆಯುವರು. ಕೈ ಹಿಡಿಸಿಕೊಂಡು ಬಂದವರು ಕೈ ಬಿಡಿಸಿಕೊಂಡು ಹೋಗುವರು. ಕಣ್ಣು ಕೆಟ್ಟರೆ ಹೊರಗಿನಿಂದಲೇ ಕಾಣುತ್ತದೆ, ಕೆಟ್ಟದ್ದನ್ನು ತೆಗೆದರೆ ಸರಿಹೋಗುತ್ತದೆ ಎಂದು ನಾನು ನಂಬಿಕೊಂಡಿದ್ದೆ.

ಆಮೇಲೆ ಕಣ್ಣಿನ ಹಿಂಭಾಗದ ಫೋಟೋ ತೆಗೆಯುವ ಯಂತ್ರ ಬಂತು. ಅದಕ್ಕೆ ಕಣ್ಣಿನ ನಡುವಿನ ಕಪ್ಪು ದೊಡ್ಡದಾಗಬೇಕು, ದೊಡ್ಡದಾಗಲು ಹನಿ ಬೀಳಬೇಕು, ಹನಿ ಹಾಕಲು ನಾನಿದ್ದೆ. ಹನಿ ಬಿದ್ದ ಮೇಲೆ ತಾಸುಗಟ್ಟಲೆ ಕಣ್ಣು ಮಬ್ಬು, ಬೆಳಕು ಚುಚ್ಚುತ್ತದೆ. ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ. ವಾಡಿಯ ಶಿಬಿರಕ್ಕೆ ಚಿತ್ತಾಪುರದ ಒಬ್ಬ ಮಾಸ್ತರರು ಬಂದಿದ್ದರು. "ಕುಂದ್ರಿ ಮಾಸ್ತರ, ಇನ್ನಾ ಅಮಲು ಇಳಿದಿಲ್ಲ" ಅಂದರೂ ಕೇಳದೆ ಕರವಸ್ತ್ರ ಹಣೆಗೆ ಹಿಡಿದುಕೊಂಡು ಸ್ಟೇಷನ್ನಿಗೆ ಹೊರಟರು. ವಾಡಿಯಲ್ಲಿ ಹಳಿ ಒಂದು ಕಡೆಗೆ ಹೋಗುತ್ತದೆಯೇ? ರೈಲಿನ ಬೋರ್ಡು ಓದಲಾಗದೆ ಕಂಡದ್ದು ಹತ್ತಿ ಯಾದಗಿರಿಯಲ್ಲಿ ಇಳಿದರು. ಮುಂದಿನ ಸಲ ಸಿಕ್ಕಾಗ ನನಗೇ ಬೈದರು, "ಏನ್ ಹನಿ ಹಾಕ್ತೀಯವ್ವಾ, ಊರೇ ಬದಲಾಗ್ತದ" ಅಂತ. ಅಂದಿನಿಂದ ಜೊತೆಗೆ ಒಬ್ಬರು ಇಲ್ಲದವರಿಗೆ ಅಮಲು ಇಳಿಯುವ ತನಕ ನಾನು ಬಾಗಿಲು ಬಿಟ್ಟು ಕೊಡುತ್ತಿರಲಿಲ್ಲ. ನೀವೂ ಬಿಡಬೇಡಿ.

ಕಣ್ಣಿನ ಹಿಂಭಾಗವನ್ನು ನಾನು ಮೊದಲ ಸಲ ನೋಡಿದ್ದು ಚಿಂಚೋಳಿಯ ಶಿಬಿರದಲ್ಲಿ. ಚಿಮ್ಮನಚೋಡದ ಒಬ್ಬ ಹೆಣ್ಣುಮಗಳು ತನ್ನ ಅತ್ತೆಯನ್ನು ಪೊರೆಗೆ ತೋರಿಸಲು ಕರೆತಂದಿದ್ದಳು. ಮಾತಿಗೆ ಮಾತು ಬಂದು, ತನಗೆ ಸಕ್ಕರೆ ಕಾಯಿಲೆ ಇದೆ ಅಂದಳು. "ಹಂಗಾರ ನೀನೂ ಕುಂದ್ರು" ಎಂದರು ಡಾಕ್ಟರು.

"ನನಗ ಚಂದ ಕಾಣಿಸ್ತದ್ರಿ. ತೊಗರಿ ಬ್ಯಾಳ್ಯಾಗಿನ ಸಾಸಿವಿ ಕಾಳಿನಷ್ಟು ಕಲ್ಲಿನ ಹಳ್ಳೂ ಬಿಡಂಗಿಲ್ಲ ನಾ" ಎಂದು ನಕ್ಕಳು. ಗೋಡೆಯ ಪಟ್ಟಿಯಲ್ಲಿ ಕಟ್ಟಕಡೆಯ ಸಾಲಿನವರೆಗೂ ತಪ್ಪಿಲ್ಲದೆ ಹೇಳಿದಳು. ಹನಿ ಹಾಕಿದೆ. ಫೋಟೋ ಪರದೆಯ ಮೇಲೆ ಬಂತು. ಬೆಳಗಿನ ಆಕಾಶದಂಥ ಕೇಸರಿ ಬಣ್ಣ, ಅದರ ಮೇಲೆ ಬೇರಿನ ಹಾಗೆ ಹರಡಿದ ರಕ್ತನಾಳಗಳು. ಎಷ್ಟು ಚೆಂದವಿದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ ಮುಖ ನೋಡಿದೆ. ಅಲ್ಲಲ್ಲಿ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ. ಅಲ್ಲಲ್ಲಿ ಮೇಣ ಸುರಿದಂಥ ಹಳದಿ ಕಲೆ. ನಗುತ್ತ ಕೂತ ಹೆಣ್ಣುಮಗಳ ಕಣ್ಣಿನೊಳಗೆ ರಕ್ತ ಸೋರುತ್ತಿತ್ತು!

ಕೆಟ್ಟ ಕಣ್ಣು ಚೆನ್ನಾಗಿ ಕಾಣುತ್ತದೆ ಎಂದರೆ ಏನರ್ಥ? ಹಾಗಾದರೆ ನಾನು ಇಷ್ಟು ವರ್ಷ "ಕಾಣಸ್ತದೇನವ್ವಾ? ಕಾಣಸ್ತದಂದ್ರ ಹೋಗು" ಎಂದು ಕಳಿಸಿದವರೆಲ್ಲ?

ನಮ್ಮ ಡಾಕ್ಟರನ್ನು ಎಲ್ಲರೂ ದೊಡ್ಡ ಸರ್ ಅಂತಿದ್ದೆವು. ಸಿಟ್ಟು ಮೂಗಿನ ತುದಿಯಲ್ಲೇ. ಸಾಲು ಗದ್ದಲ ಮಾಡಿದರೆ ಪೆನ್ನು ಎಸೆಯುವರು, ಆಮೇಲೆ ತಾವೇ ಬಗ್ಗಿ ಹುಡುಕುವರು. ಆದರೆ ರೊಟ್ಟಿ ಬುತ್ತಿ ಬಿಚ್ಚಿದಾಗ ಏನು ಕೇಳಿದರೂ ಹೇಳುವರು. ಅವತ್ತು ಕೇಳಿದೆ.

"ನೋಡು ಶಾಂತಾಬಾಯಿ" ಅಂದರು. "ಮೈಯಾಗಿನ ಒಂದೊಂದು ಕೋಶ ಅಂದ್ರ ಒಂದೊಂದು ಮನಿ ಇದ್ದಂಗ. ರಕ್ತದಾಗ ಸಕ್ಕರಿ ಹೆಚ್ಚಾತಂದ್ರ ಭಾಳಷ್ಟು ಮನಿ ಬಾಗಿಲಾ ಮುಚ್ಚಿಕೋತಾವ, ಸಾಕು, ಇನ್ನ ಬ್ಯಾಡ ಅಂತ. ಕಣ್ಣಿನ ಹಿಂದಿನ ನಾಳದಾಗಿನ ಕೋಶಕ್ಕ ಅದು ಬರಂಗಿಲ್ಲ. ಅದರ ಬಾಗಿಲಿಗೆ ಚಿಲಕಾನೇ ಇಲ್ಲ. ಹೊರಗ ಎಷ್ಟು ಸಕ್ಕರಿ ಅದನೋ ಒಳಗೂ ಅಷ್ಟೇ ತುಂಬತದ. ತುಂಬಿ ತುಂಬಿ ಒಳಗಿಂದೊಳಗ ಸಾಯ್ತದ."

"ಸಾಯುವಾಗ ನೂಸಂಗಿಲ್ಲೇನ್ರಿ?"

"ನೂಸಿದ್ರ ಚಲೋ ಇತ್ತಲ್ಲ! ಹಲ್ಲು ನೂಸಿದ್ರ ಮನುಷ್ಯಾ ಓಡಿ ಬರ್ತಾನ. ಇದು ನೂಸಂಗಿಲ್ಲ, ಉರಿಯಂಗಿಲ್ಲ. ಕಡೀಕ ಒಂದಿನ ಕತ್ತಲಿ ಬರ್ತದ."

ಚಿಮ್ಮನಚೋಡದ ಆ ಹೆಣ್ಣುಮಗಳು ಬೇಗ ಸಿಕ್ಕಿದ್ದರಿಂದ ಉಳಿದಳು. ಸಕ್ಕರೆ ಹತೋಟಿಗೆ ತಂದುಕೊಂಡಳು, ವರ್ಷ ತಪ್ಪದೆ ಬಂದಳು, ಈಗಲೂ ಬೇಳೆಯಲ್ಲಿ ಹಳ್ಳು ಬಿಡುವುದಿಲ್ಲ. ಎಲ್ಲರಿಗೂ ಆ ಪುಣ್ಯ ಇರಲಿಲ್ಲ. ಯಾರ ಮಾತು ಹೇಳಬೇಕೆಂದು ಈ ಕಾಗದ ಹಿಡಿದೆನೋ ಅವನ ಮಾತಿಗೆ ಬರುತ್ತೇನೆ.

ನಮ್ಮ ವ್ಯಾನಿನ ಡ್ರೈವರ್ ಮಹಿಬೂಬಸಾಬ. ಶಹಾಬಾದದವನು. ಅವನ ಅಪ್ಪ ಅಲ್ಲಿಯ ಗಣಿಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಎಬ್ಬಿಸುತ್ತಿದ್ದ. ಇವನು ಕಲ್ಲು ಬಿಟ್ಟು ಸ್ಟೇರಿಂಗ್ ಹಿಡಿದ. ನನಗೆ ಅಕ್ಕಾ ಅನ್ನುವನು, ನಾನು ಭಾಯಿ ಅನ್ನುತ್ತಿದ್ದೆ. ಗಾಡಿ ನಿಲ್ಲಿಸಿದ ಮೇಲೆ ಸಾಲು ನಿಲ್ಲಿಸುವವನೂ ಅವನೇ. ಮುದುಕರಿಗೆ ಕುರ್ಚಿ, ಹಸುಗೂಸು ಇದ್ದವರಿಗೆ ನೆರಳು, ಜಗಳ ಮಾಡುವವರಿಗೆ ಒಂದು ಚಾಟಿಯಂಥ ಮಾತು. ಅವನಿಲ್ಲದ ಶಿಬಿರ ಶಿಬಿರವೇ ಅಲ್ಲ.

ಅವನಿಗೂ ಸಕ್ಕರೆ ಇತ್ತು. ಆದರೆ ಪ್ರತಿ ಸಲ ಪಾಸು! ಹೇಗೆ ಅಂತೀರಿ? ಸಿಬ್ಬಂದಿಯ ರಕ್ತ ನೋಡುವ ದಿನ ಮೊದಲೇ ಗೊತ್ತಿರುತ್ತಿತ್ತು. ಹಿಂದಿನ ದಿನವೇ ಅನ್ನ ಬಂದ್. ಅರ್ಧ ರೊಟ್ಟಿ, ಒಂದು ಲೋಟ ಹಾಗಲಕಾಯಿ ರಸ, ಮನೆಯಿಂದ ಶಹಾಬಾದ ಸ್ಟೇಷನ್ನಿನವರೆಗೆ ಬಿರುಸು ನಡಿಗೆ. ಮರುದಿನ ಬೆರಳಿಗೆ ಸೂಜಿ ಚುಚ್ಚಿದರೆ ಅಂಕಿ ಬಂಗಾರದಂತೆ ಬರುತ್ತಿತ್ತು. "ಪಾಸಾದೆ ಅಕ್ಕಾ!" ಎಂದು ಅವತ್ತು ಮಧ್ಯಾಹ್ನವೇ ಎರಡು ತಟ್ಟೆ ಉಪ್ಪಿಟ್ಟು, ಮೇಲೊಂದು ಗ್ಲಾಸು ಕಬ್ಬಿನ ಹಾಲು. ಸಾಲಿನಲ್ಲಿ ನಿಂತವರಿಗೂ ಅದೇ ಪಾಠ: "ಮುಂದಿನ ಸಲ ಬರೋ ಮುಂದ ಒಂದಿನ ಉಪಾಸ ಇರ್ರಿ, ನಂಬರ್ ಚಲೋ ಬರ್ತದ." ಎಲ್ಲರೂ ಹಾಗೇ ಬರುತ್ತಿದ್ದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಇದನ್ನು ಯಾರೂ ಮೋಸ ಅಂದುಕೊಂಡಿರಲಿಲ್ಲ. ಬೀಗರು ಬರುವ ದಿನ ಅಂಗಳ ಗುಡಿಸುವುದಿಲ್ಲವೇ, ಹಾಗೆ.

ಈಗ ಮೂರು ತಿಂಗಳ ಸಕ್ಕರೆ ತೋರಿಸುವ ಟೆಸ್ಟ್ ಬಂದಿದೆ, ಒಂದು ದಿನದ ಉಪವಾಸ ಅದರ ಮುಂದೆ ನಡೆಯುವುದಿಲ್ಲ. ಆಗ ನಮ್ಮ ಶಿಬಿರದಲ್ಲಿ ಅದು ಇರಲಿಲ್ಲ.

ಒಂದು ದಿನ ಸೇಡಂನ ಶಿಬಿರ. ಬೆಳಿಗ್ಗೆ ಗಾಡಿಯಿಂದ ಸಾಮಾನು ಇಳಿಸಿ ಮೇಜು ಹಾಕುತ್ತಿದ್ದೆ. ಮಹಿಬೂಬ ಬಿಸಿ ಜಿಲೇಬಿಯ ದೊಡ್ಡ ಪೊಟ್ಟಣ ಹಿಡಿದು ಬಂದ. ಮುಖ ಅರಳಿ ಹೂವು.

"ಬಾಯಿ ತಗಿ ಅಕ್ಕಾ. ಮೊದಲು ತಿನ್ನು, ಆಮ್ಯಾಲ ಕೇಳು."

ತಿಂದೆ. "ಏನ್ ಭಾಯಿ, ಮಗನ ಲಗ್ನ ಗೊತ್ತಾತೇನು?"

"ಲಗ್ನಕ್ಕಿಂತ ದೊಡ್ಡದು. ಆ ಹನಿ ಬಾಟ್ಲಿ ಕೊಡಿಲ್ಲಿ." ಬಾಟಲಿ ಇಸಿದುಕೊಂಡು, ಅದರ ಮೇಲಿನ ಇರುವೆ ಸಾಲಿನಂಥ ಅಕ್ಷರಗಳನ್ನು ಬರಿಗಣ್ಣಿನಲ್ಲಿ ಗಡಗಡ ಓದಿದ! ಹೆಸರು, ತಾರೀಖು, ಎಲ್ಲ! ಬಿಲ್ಲು ನೋಡಲೂ ಚಸ್ಮಾ ಹುಡುಕುತ್ತಿದ್ದವನು.

"ಚಸ್ಮಾ ಬಿಟ್ಟೆ ಅಕ್ಕಾ! ಅಲ್ಲಾ ನಂಗ ಹಳೀ ಕಣ್ಣು ಹೊಳ್ಳಿ ಕೊಟ್ಟಾನ."

ನಾವೆಲ್ಲ ಚಪ್ಪಾಳೆ ಹೊಡೆದೆವು. ಸಾಲಿನಲ್ಲಿ ಒಬ್ಬ ಮುದುಕ ದಾರ ಕಟ್ಟಿದ ಚಸ್ಮಾ ಹಾಕಿಕೊಂಡಿದ್ದ. ಮಹಿಬೂಬ ಜೇಬಿನಿಂದ ತನ್ನ ಚಸ್ಮಾ ತೆಗೆದು ಅವನ ಕೈಯಲ್ಲಿಟ್ಟು, "ಇಟ್ಕೋ ಮುತ್ಯಾ, ನಂಗಿನ್ನ ಬ್ಯಾಡ" ಅಂದ. ಮುದುಕ ಆಶೀರ್ವಾದ ಮಾಡಿದ. ಕಣ್ಣಿನ ಆಸ್ಪತ್ರೆಯವರು ನಾವು, ಗೋಡೆಗೆ ಕಣ್ಣಿನ ಚಿತ್ರ ತೂಗುಬಿಟ್ಟು ಅದರ ಕೆಳಗೇ ನಿಂತು ಆ ಜಿಲೇಬಿ ಚಪ್ಪರಿಸಿದೆವು. ಒಬ್ಬರಿಗೂ ಏನೂ ಹೊಳೆಯಲಿಲ್ಲ.

ದೊಡ್ಡ ಸರ್ ಬಂದರು. ಮಹಿಬೂಬ ಓಡಿ ಹೋಗಿ ಪೊಟ್ಟಣ ಚಾಚಿ ಸುದ್ದಿ ಹೇಳಿದ. ಜಿಲೇಬಿಗೆ ಹೋದ ಅವರ ಕೈ ಅಲ್ಲೇ ನಿಂತಿತು.

"ಯಾವಾಗಿಂದ ಹಿಂಗ?"

"ಒಂದೆರಡು ವಾರ ಆತ್ರಿ."

"ನೀರಡಿಕಿ?"

"ಭಾಳ್ರಿ. ದಾರಿಯಾಗ ಎಷ್ಟು ಸಲ ಗಾಡಿ ನಿಲ್ಲಿಸಿ ಗಿಡದ ಮರಿಗೆ ಹೋದೆ ಅಂತ ಅಕ್ಕಾನ ಕೇಳ್ರಿ" ಎಂದು ನಕ್ಕ.

"ದೂರಿಂದು ಹೆಂಗ ಕಾಣಸ್ತದ?"

ಮಹಿಬೂಬ ತಲೆ ಕೆರೆದುಕೊಂಡ. "ಜರಾ ಮಬ್ಬು ಅದ್ರಿ. ವಾಡಿ ಕಡಿ ಸಿಮೆಂಟಿನ ಧೂಳ ಇರ್ತದಲ್ರಿ, ಅದೇ ಇರಬೇಕಂತ ಸುಮ್ಮನಾದೆ."

ಆ ಧೂಳಿನಲ್ಲಿ ಎದುರಿಗೆ ಬರುವ ಸಿಮೆಂಟ್ ಲಾರಿಗಳ ನಡುವೆ ನಮ್ಮನ್ನೆಲ್ಲ ಕೂರಿಸಿಕೊಂಡು ಗಾಡಿ ಹೊಡೆದಿದ್ದ!

ಸರ್ ಅಲ್ಲೇ ಅವನ ಬೆರಳು ಚುಚ್ಚಿದರು. ಯಂತ್ರದಲ್ಲಿ ಅಂಕಿಯೇ ಬರಲಿಲ್ಲ. ಅಂಕಿಯ ಜಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರ ಮೂಡಿದವು. ನನ್ನಿಂದ ಅಳೆಯಲಾಗದಷ್ಟು ಮೇಲಿದೆ ಎಂದು ಯಂತ್ರ ಕೈಚೆಲ್ಲಿದ ಗುರುತು ಅದು.

"ಕಣ್ಣು ಚಲೋ ಆಗಿಲ್ಲೋ ಮಹಿಬೂಬ, ಉಬ್ಬೇದ" ಅಂದರು ಸರ್. ಸಿಟ್ಟಿರಲಿಲ್ಲ ಧ್ವನಿಯಲ್ಲಿ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. "ಕಣ್ಣಿನೊಳಗ ಒಂದು ಮಸೂರ ಅದ. ಸಕ್ಕರಿ ಅದರೊಳಗ ಸೇರಿ ನೀರು ಎಳಕೊಂಡದ. ನೆನಿ ಇಟ್ಟ ಕಡ್ಲಿ ಉಬ್ಬಿದಂಗ ಉಬ್ಬೇದ. ಉಬ್ಬಿದ ಮಸೂರಕ್ಕ ಹತ್ತಿರಿಂದು ಚಂದ ಕಾಣಸ್ತದ. ಸಕ್ಕರಿ ಇಳೀತಂದ್ರ ಹಳೀ ಹಂಗೇ ಆಗ್ತದ."

ಮಹಿಬೂಬನ ಬಾಯಲ್ಲಿ ಇನ್ನೂ ಜಿಲೇಬಿ ಇತ್ತು. ನುಂಗಲೂ ಆಗದೆ ಉಗುಳಲೂ ಆಗದೆ ನನ್ನನ್ನೇ ನೋಡಿದ. ನನ್ನ ಬಾಯಲ್ಲೂ ಆ ಸಿಹಿ ಇತ್ತು.

ಅಷ್ಟು ವರ್ಷ ಸಾಲು ನಿಲ್ಲಿಸಿದವನು ಅವತ್ತು ಮೊದಲ ಸಲ ತಾನು ಕುರ್ಚಿಯಲ್ಲಿ ಕೂತ. ನಾನೇ ಹನಿ ಹಾಕಿದೆ. ಫೋಟೋ ಬಂದಾಗ ನಾನು ಹಿಂದಿನಿಂದ ಇಣುಕಿದೆ. ಇದರ ಮುಂದೆ ಚಿಮ್ಮನಚೋಡದವಳದ್ದು ಏನೂ ಅಲ್ಲ. ಎರಡೂ ಕಣ್ಣಿನಲ್ಲಿ ಚುಕ್ಕೆ, ಕಲೆ, ಅದರ ಮೇಲೆ ಜೇಡನ ಬಲೆಯಂಥ ಸಣ್ಣ ಸಣ್ಣ ಹೊಸ ನಾಳ. ಬಂಗಾರದಂಥ ಅಂಕಿಗಳೆಲ್ಲ ಎಲ್ಲಿ ಹೋದವು? ಬೆರಳಿನ ರಕ್ತ ಒಂದು ದಿನದ್ದು ಹೇಳಿತ್ತು, ಕಣ್ಣು ಉಳಿದ ದಿನಗಳನ್ನೆಲ್ಲ ಹೇಳುತ್ತಿತ್ತು.

ಅವತ್ತೇ ಅವನನ್ನು ಬೇರೆ ಗಾಡಿಯಲ್ಲಿ ಕಲಬುರಗಿಗೆ ಕಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಇನ್ಸುಲಿನ್ ಸೂಜಿ ಶುರುವಾಯಿತು. ಸಕ್ಕರೆ ಇಳಿಯಿತು. ಕಣ್ಣಿಗೆ ಲೇಸರ್ ಬೆಳಕು ಹಚ್ಚಬೇಕು, ತಡ ಮಾಡಬೇಡ ಎಂದರು ಸರ್.

ಈಗ ಕೇಳಿ, ಆಶ್ಚರ್ಯ ಇನ್ನೂ ಮುಗಿದಿಲ್ಲ. ಸಕ್ಕರೆ ಇಳಿದ ಹಾಗೆ ಉಬ್ಬಿದ ಮಸೂರವೂ ಇಳಿಯಿತು. ದೂರದ್ದು ನಿಚ್ಚಳವಾಯಿತು, ಹತ್ತಿರದ ಅಕ್ಷರ ಮೊದಲಿಗಿಂತ ಹೆಚ್ಚು ಮಬ್ಬಾಯಿತು. ಇದು ಕೆಲವು ವಾರ ಹೀಗೇ, ಸಕ್ಕರೆ ಒಂದು ಕಡೆ ನಿಲ್ಲುವವರೆಗೆ ಹೊಸ ಚಸ್ಮಾವೂ ಮಾಡಿಸಬೇಡ ಎಂದು ಸರ್ ಹೇಳಿಯೇ ಇದ್ದರು. ಮಕ್ಕಳೇ, ಇದು ನೀವೂ ನೆನಪಿಡುವ ಮಾತು. ಆದರೆ ಮಹಿಬೂಬನ ಲೆಕ್ಕ ಬೇರೆ. ಸೂಜಿ ಇಲ್ಲದಾಗ ಬಾಟಲಿಯ ಅಕ್ಷರ ಓದಿದ್ದ, ಸೂಜಿ ಬಂದ ಮೇಲೆ ಗಡಿಯಾರದ ಮುಳ್ಳು ಕಾಣದು!

ಕೆಲಸಕ್ಕೆ ಮರಳಿದ ದಿನ ಸರ್ ಲೇಸರಿನ ಮಾತೆತ್ತಿದರೆ ಅವರ ಮುಖಕ್ಕೇ ಅಂದ: "ಸೂಜಿ ಚುಚ್ಚಿ ಹತ್ತಿರಿಂದು ಕಳದ್ರಿ. ಇನ್ನ ಬೆಳಕು ಬಿಟ್ಟು ದೂರಿಂದೂ ಕಳೀತೀರೇನು? ದೂರಿಂದು ಹೋತಂದ್ರ ನಾ ಗಾಡಿ ಹೆಂಗ ಹೊಡೀಲಿ?"

ಸರ್ ಪೆನ್ನು ಎಸೆದರು. ಮಹಿಬೂಬ ಎತ್ತಿಕೊಡಲಿಲ್ಲ. ಅವರಿಬ್ಬರ ನಡುವೆ ಮಾತು ನಿಂತಿತು. ನಾನು ಗಾಡಿಯಲ್ಲಿ ದಿನವೂ ಹೇಳಿದೆ. "ಅಕ್ಕಾ, ನೀ ಹನಿ ಹಾಕು, ನಾ ಗಾಡಿ ಹೊಡೀತೀನಿ. ಅವರವರ ಕೆಲಸ ಅವರವರು ನೋಡಮು" ಅಂದ. ಒಂದು ತಿಂಗಳಾಗಿರಬಹುದು, ಒಂದು ದಿನ ಶಿಬಿರಕ್ಕೆ ಹೋಗುವಾಗ ಟೀ ಅಂಗಡಿಯಲ್ಲಿ ಪೇಪರು ಓದುತ್ತಿದ್ದ. ಚಸ್ಮಾ ಇರಲಿಲ್ಲ. "ನೋಡು, ಮತ್ತ ಬಂತು ಹಳೀ ಕಣ್ಣು" ಎಂದು ಕಣ್ಣು ಹೊಡೆದ. ಶಿಬಿರದಲ್ಲಿ ಸರ್ ಸಿಕ್ಕೊಡನೆ ಹೇಳಬೇಕು ಎಂದುಕೊಂಡೆ. ಶಿಬಿರದವರೆಗೆ ಹೋಗಲೇ ಇಲ್ಲ.

ವಾಡಿ ದಾಟಿ ಚಿತ್ತಾಪುರದ ದಾರಿ ಹಿಡಿದಿದ್ದೆವು. ಸುಡುಬಿಸಿಲು, ಮುಗಿಲಲ್ಲಿ ಒಂದು ಚೂರು ಮೋಡವಿಲ್ಲ. ಅವನ ಪಕ್ಕದ ಸೀಟಿನಲ್ಲಿ ನಾನು, ಹಿಂದೆ ಉಳಿದ ಸಿಬ್ಬಂದಿ. ಮಹಿಬೂಬ ಅರಿವೆ ತೆಗೆದು ಮುಂದಿನ ಗಾಜನ್ನು ಒರೆಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಒರೆಸಿದ. ಆಮೇಲೆ ವೈಪರ್ ಹಾಕಿದ. ಒಣ ಗಾಜಿನ ಮೇಲೆ ಅದು ಕಿರ್ ಕಿರ್ ಎಂದು ಆಡತೊಡಗಿತು.

"ಭಾಯಿ, ಮಳಿ ಎಲ್ಲದ?" ಎಂದು ನಗುತ್ತಲೇ ಕೇಳಿದೆ.

"ಮಳಿ ಅಲ್ಲ ಅಕ್ಕಾ. ಗಾಜಿಗೆ ಕರೀ ಕೂದಲಾ ಅಂಟ್ಯಾವ. ಹೋಗವಲ್ವು."

ಗಾಜು ನೋಡಿದೆ. ತೊಳೆದಿಟ್ಟ ಹಾಗಿತ್ತು. "ಎಲ್ಲವ?"

"ನಾ ಹೊಳ್ಳಿ ನೋಡಿದ ಕಡಿ ಅವೂ ಹೊಳ್ಳತಾವ."

ಶಿಬಿರಗಳಲ್ಲಿ ಎಷ್ಟು ಜನ ಈ ಮಾತು ಹೇಳಿದ್ದಾರೆ! ಕೂದಲು ತೇಲುತ್ತದೆ, ನೊಣ ಹಾರುತ್ತದೆ, ಮಸಿ ಸುರಿಯುತ್ತದೆ ಅಂತ. ಹೇಳಿದವರ ಕಣ್ಣಿನೊಳಗೆ ರಕ್ತ ಒಡೆದದ್ದನ್ನು ನಾನು ನೋಡಿದ್ದೇನೆ. ಎದುರಿಗೆ ಲಾರಿ ಬರುತ್ತಿತ್ತು. ಕಿರುಚಲು ಹೆದರಿಕೆಯಾಯಿತು, ಬೆಚ್ಚಿ ಸ್ಟೇರಿಂಗ್ ತಿರುಗಿಸಿಬಿಟ್ಟರೆ ಎಂದು. ಹಸುಗೂಸಿಗೆ ಹೇಳುವ ಹಾಗೆ ಹೇಳಿದೆ: "ಭಾಯಿ, ಗಾಡಿ ಬಾಜೂಕ ತಗೋ. ಹಂಗೇ, ಸಾವಕಾಶ. ಆ ಬೇವಿನ ಗಿಡದ ಕೆಳಗ ನಿಲ್ಲಿಸು."

ನಿಲ್ಲಿಸಿದ. ಎಡಗಣ್ಣು ಮುಚ್ಚಿ ನೋಡು ಅಂದೆ. ಮುಚ್ಚಿದ. ಮುಚ್ಚಿದ ಕೈ ಹಾಗೇ ಉಳಿಯಿತು.

"ಕೆಂಪು ಪರದಾ ಬಿದ್ದದ ಅಕ್ಕಾ. ನೀ ಕಾಣವಲ್ಲಿ."

ಅವನು ಗಾಡಿಯ ಕೀಲಿ ತೆಗೆದು ನನ್ನ ಉಡಿಯಲ್ಲಿ ಹಾಕಿದ. "ಸೂಜಿ ಬಿಟ್ಟಿದ್ದೆ. ಹತ್ತಿರಿಂದು ಕಾಣಲಿ ಅಂತ ಬಿಟ್ಟಿದ್ದೆ. ಅಕ್ಕಾ, ನಂಗ ಗಾಡಿ ಬಿಟ್ರ ಬ್ಯಾರೆ ಏನೂ ಬರಂಗಿಲ್ಲ. ಇನ್ನೊಂದೂ ಹೋಗ್ತದೇನು?"

ಅವನ ಕೈ ಹಿಡಿದು ಕೂತೆ. ಕಲಬುರಗಿಯಿಂದ ಬೇರೆ ಗಾಡಿ ಬರುವ ತನಕ ಇಬ್ಬರೂ ಆ ಒಣ ರಸ್ತೆ ನೋಡುತ್ತ ಕೂತಿದ್ದೆವು.

ಆಸ್ಪತ್ರೆಯಲ್ಲಿ ಬಲಗಣ್ಣಿನ ಫೋಟೋ ಬರಲೇ ಇಲ್ಲ, ಬರೀ ರಕ್ತದ ಕತ್ತಲು. ಸರ್ ಎಡಗಣ್ಣಿನದು ತೆಗೆದು, ದೊಡ್ಡದು ಮಾಡಿ, ಅವನನ್ನು ಪರದೆಯ ಹತ್ತಿರ ಕೂರಿಸಿದರು. ಬೈಯಲಿಲ್ಲ. "ನೋಡು" ಅಂದರಷ್ಟೆ. ಮಹಿಬೂಬ ಮುಖ ಹತ್ತಿರ ಒಯ್ದು ನಾಳದ ಗುಂಟ ಉಬ್ಬಿದ ಕೆಂಪು ಗುಳ್ಳೆಗಳನ್ನು ಬೆರಳಿನಿಂದ ತೋರಿಸಿದ.

"ಸರ್, ಇದು ಗ್ವಾಡಿ ಹೊಟ್ಟಿ ಬಿಟ್ಟಂಗದ."

"ಯಾವ ಗ್ವಾಡಿ?"

"ನಮ್ಮ ಶಹಾಬಾದ ಕಡಿ ಕಲ್ಲಿನ ಮ್ಯಾಲ ಕಲ್ಲಿಟ್ಟು ಗ್ವಾಡಿ ಕಟ್ಟತಾರಲ್ರಿ, ಗಾರಿ ಇಲ್ಲದ್ದು. ದೊಡ್ಡ ಕಲ್ಲಿನ ಸಂದ್ಯಾಗ ಸಣ್ಣ ಚಕ್ಕಿ ಬಡಿದಿರತಾರ. ಗ್ವಾಡಿ ನಿಂತದ್ದೇ ಆ ಚಕ್ಕಿ ಮ್ಯಾಲ. ಚಕ್ಕಿ ಉದುರಿದ್ರ ವರ್ಷಗಟ್ಟಲೆ ಏನೂ ತಿಳಿಯಂಗಿಲ್ಲ. ಆಮ್ಯಾಲ ಹಿಂಗ ಹೊಟ್ಟಿ ಬರ್ತದ. ನಮ್ಮಪ್ಪ ಅಂಥಾ ಗ್ವಾಡಿ ಬಾಜೂಕ ನಮಗ ಆಡಾಕ ಬಿಡತಿರಲಿಲ್ರಿ."

ಸರ್ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತರು. "ಅದೇ ಆಗೇದ ಇಲ್ಲಿ. ಈ ನಾಳದ ಸುತ್ತ ಹಿಡಕೊಂಡು ನಿಂತ ಸಣ್ಣ ಕೋಶ ಇರ್ತಾವ. ಸಕ್ಕರಿಗೆ ಮೊದಲು ಸಾಯೋವು ಅವೇ. ಅವು ಹೋದ್ರ ನಾಳ ಉಬ್ಬತದ, ಸೋರತದ, ಕಡೀಕ ಮುಚ್ಚಿಕೋತದ. ರಕ್ತ ಸಿಗಲಾರದ ಜಾಗ ಹಸಿದು ಹೊಸ ನಾಳ ಬೆಳಸ್ತದ. ಆ ನಾಳ ಹಸಿಮೈದು, ತಡಿಯಂಗಿಲ್ಲ. ಬಲಗಣ್ಣಾಗ ಒಡದದ್ದು ಅದೇ."

ಮಹಿಬೂಬ ಪರದೆಯ ಮೇಲಿನ ಗುಳ್ಳೆಗಳ ಮೇಲೆ ಮತ್ತೆ ಬೆರಳಾಡಿಸಿದ. "ಈ ಗ್ವಾಡಿ ಇನ್ನಾ ನಿಂತದಲ್ರಿ?"

"ಇವತ್ತಿನ ಮಟ್ಟಿಗೆ ನಿಂತದ."

"ಮತ್ತ ಕುಂತೀರ್ಯಾಕ? ಹಚ್ರಿ ನಿಮ್ಮ ಬೆಳಕ."

ಲೇಸರ್ ಹಚ್ಚುವಾಗ ತಲೆ ಅಲುಗಾಡಬಾರದು. ನಾನು ಹಿಂದೆ ನಿಂತು ಅವನ ತಲೆ ಹಿಡಿದಿದ್ದೆ. ಬಿಟ್ಟು ಬಿಟ್ಟು ಹಲವು ಸಲ ಕೂತ. ಒಮ್ಮೆ "ದೀಪಾವಳಿ ಪಟಾಕಿ ಕಣ್ಣಾಗೇ ಹಾರಸ್ಲಿಕತ್ತಾರ ಅಕ್ಕಾ" ಅಂದ. ಇನ್ನೊಮ್ಮೆ ಕೈ ಮೇಲೆತ್ತಿ ನನ್ನ ಬೆರಳು ಮುರಿಯುವ ಹಾಗೆ ಹಿಡಿದುಕೊಂಡ. ಬಲಗಣ್ಣಿಗೆ ಆಮೇಲೆ ಆಪರೇಷನ್ ಆಯಿತು. ಬೆಳಕು ಯಾವುದು, ಬಾಗಿಲು ಎಲ್ಲಿದೆ ಎಂದು ತಿಳಿಯುತ್ತದೆ, ಅಷ್ಟೇ. ಸತ್ತ ಜಾಗ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಯಬಹುದು. ಎಡಗಣ್ಣು ನಿಂತಿತು. ಗಾಡಿ ಮಾತ್ರ ಹೋಯಿತು. ಕೀಲಿ ಹೊಸ ಡ್ರೈವರನಿಗೆ ಕೊಡುವಾಗ ಕ್ಲಚ್ಚು ಹೇಗೆ, ಯಾವ ತಿರುವಿನಲ್ಲಿ ಎಮ್ಮೆ ಅಡ್ಡ ಬರುತ್ತವೆ, ಎಲ್ಲ ಹೇಳಿಕೊಟ್ಟ. ಆಮೇಲೆ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ನಾನು ಆ ಕಡೆ ನೋಡಲಿಲ್ಲ.

ಮನೆಯಲ್ಲಿ ಕೂರುವ ಜಾತಿಯಲ್ಲ ಅವನು. ಶಹಾಬಾದದಲ್ಲಿ ಶಿಬಿರ ಇದ್ದರೆ ಬೆಳಿಗ್ಗೆಯೇ ಬಂದು ಸಾಲಿನ ಬಾಯಲ್ಲಿ ನಿಲ್ಲುವನು. "ಉಪಾಸ ಬಂದೀಯೇನು ಮಾಮಾ? ಹಾಗಲಕಾಯಿ ಕುಡದಿ? ಹೋಗು, ದಿನಾ ಉಂಡಂಗ ಉಂಡು ಬಾ. ನನ್ನಷ್ಟು ಪಾಸಾದಾಂವ ಈ ಊರಾಗ ಯಾರೂ ಇಲ್ಲ. ನೋಡಿಲ್ಲಿ ನನ್ನ ಸರ್ಟಿಫಿಕೇಟು" ಎಂದು ಬಲಗಣ್ಣು ತೋರಿಸುವನು. ಜನ ನಗುವರು, ಮರುಕ್ಷಣ ನಗು ನಿಲ್ಲಿಸುವರು.

ನಾನು ನಿವೃತ್ತಳಾದೆ. ದೊಡ್ಡ ಸರ್ ಕೂಡ ಆದರು. ಈಗ ವ್ಯಾನಿನಲ್ಲಿ ಹೊಸ ಡಾಕ್ಟರು, ಅಂಗೈ ಮೇಲೆ ಹಿಡಿಯುವಂಥ ಕ್ಯಾಮೆರಾ, ಅದರ ಹಿಂದೆ ನಮ್ಮ ಭಾಗ್ಯ.

ಭಾಗ್ಯಳ ಮೊದಲ ಶಿಬಿರ ಚಿಂಚೋಳಿ ಪಕ್ಕದ ಚಂದಾಪುರದಲ್ಲಿ. ಯಾರೂ ಕರೆಯದಿದ್ದರೂ ಹೊಸ ಸೀರೆ ಉಟ್ಟು ಹೋದೆ. "ಆಯಿ, ಒಳಗ ಬರಬ್ಯಾಡ, ನಂಗ ನಾಚಿಕಿ ಬರ್ತದ" ಅಂದಳು. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಬಂದವರಿಗೆಲ್ಲ "ಒಳಗ ಇರೋಕಿ ನನ್ನ ಮೊಮ್ಮಗಳು" ಎಂದು ಹೇಳುವ ಕೆಲಸ ಇತ್ತಲ್ಲ. ಅಷ್ಟರಲ್ಲಿ ಬಸ್ಸು ಬದಲಿಸಿ ಬದಲಿಸಿ ಶಹಾಬಾದದಿಂದ ಮಹಿಬೂಬ ಬಂದ. ಕೈಯಲ್ಲಿ ಪೊಟ್ಟಣ. ನಾನು ಹುಬ್ಬು ಗಂಟಿಕ್ಕಿದೆ.

"ಜಿಲೇಬಿ ಅಲ್ಲ ಅಕ್ಕಾ, ಹುರಿದ ಶೇಂಗಾ" ಎಂದು ನಕ್ಕ. ನಗು ಪೂರ್ತಿ ಬರಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ: "ಹುಡುಗಿಗೆ ಹರಸಾಕ ಬಂದೆ ಅಂತ ಮನ್ಯಾಗ ಹೇಳೀನಿ. ಖರೇ ಅಂದ್ರ ನಿನ್ನೆಯಿಂದ ಎಡಗಣ್ಣಾಗ ಏನೋ ತೇಲ್ಲಿಕತ್ತದ."

ಬಾಯಿಗೆ ಹಾಕಿಕೊಂಡ ಶೇಂಗಾ ಮಣ್ಣಾಯಿತು. ಉಳಿದದ್ದು ಅದೊಂದೇ ಕಣ್ಣು. ಸಾಲು ಗೀಲು ನೋಡದೆ ಅವನ ಕೈ ಹಿಡಿದು ಒಳಗೆ ಒಯ್ದೆ. ಭಾಗ್ಯ ನನ್ನ ಮುಖ ನೋಡಿ ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. ಹನಿ ಹಾಕಿದಳು. ಕಾಯ್ದೆವು. ಅವಳು ಕ್ಯಾಮೆರಾ ಹಿಡಿದಳು. ಕೆಳಗಿಳಿಸಿದಳು, ಅದರ ಗಾಜು ಒರೆಸಿ ಮತ್ತೆ ಹಿಡಿದಳು. ನನ್ನ ಮೊಮ್ಮಗಳ ಕೆಲಸದ ಮೊದಲ ಫೋಟೋ, ಮಹಿಬೂಬನ ಕಡೆಯ ಕಣ್ಣು.

ಪರದೆಯ ಮೇಲೆ ಕೇಸರಿ ಬಣ್ಣ ಬಂತು. ಅಂಚಿನ ಸುತ್ತ ಲೇಸರಿನ ಹಳೆಯ ಕಲೆಗಳು, ಸಾಲಾಗಿ ಬಡಿದ ಚಕ್ಕೆಗಳ ಹಾಗೆ. ನಾನು ಕೆಂಪು ಹುಡುಕಿದೆ. ಭಾಗ್ಯಳೂ ಹುಡುಕುತ್ತಿದ್ದಳು. ಹೊಸ ಡಾಕ್ಟರನ್ನು ಕರೆದಳು. ಅವರು ಬಂದು ತಲೆಗೆ ದೀಪ ಕಟ್ಟಿ, ಕಣ್ಣ ಮುಂದೆ ಮಸೂರ ಹಿಡಿದು, ಮೇಲೆ ನೋಡು, ಕೆಳಗೆ ನೋಡು ಎಂದು ಬಹಳ ಹೊತ್ತು ನೋಡಿದರು.

"ರಕ್ತ ಇಲ್ರಿ. ನಾಳ ಎಲ್ಲ ಸುಮ್ಮನವ. ತೇಲೋದು ವಯಸ್ಸಾದವರಿಗೆ ಬರುವಂಥದ್ದು. ಹೆಚ್ಚಾತಂದ್ರ ಅವತ್ತೇ ಬರ್ರಿ, ಕಾಯಬ್ಯಾಡ್ರಿ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಭಾಗ್ಯ "ಆಯಿ, ಏನಿದು, ಏಳು" ಅಂದಳು. ಅವಳ ಕಣ್ಣೂ ಒದ್ದೆ.

ಹನಿಯ ಅಮಲು ಇಳಿಯುವವರೆಗೆ ಮಹಿಬೂಬ ನನ್ನ ಜೊತೆ ಬಾಗಿಲಲ್ಲಿ ಕೂತ. ನಾನು ಎದ್ದು ಹೋಗಲು ಬಿಡಲಿಲ್ಲ, ಯಾದಗಿರಿಯಲ್ಲಿ ಇಳಿದ ಮಾಸ್ತರರ ನೆನಪಿತ್ತು. ಬಿಸಿಲು ಇಳಿಯಿತು, ಸಾಲು ಕರಗಿತು, ಭಾಗ್ಯ ಕ್ಯಾಮೆರಾ ಪೆಟ್ಟಿಗೆಯಲ್ಲಿಟ್ಟು ಹೊರಗೆ ಬಂದಳು. ಮಹಿಬೂಬ ಅಂಗಿಯ ಜೇಬಿನಿಂದ ಚಸ್ಮಾ ತೆಗೆದ, ಅಂಗಿಯ ತುದಿಗೆ ಒರೆಸಿದ, ಎರಡೂ ಕೈಯಿಂದ ಹಾಕಿಕೊಂಡ.

"ಬಾರವ್ವಾ ಇಲ್ಲಿ. ಬೆಳಕಿಗೆ ಮುಖ ಮಾಡಿ ನಿಲ್ಲು."

ಭಾಗ್ಯ ನಿಂತಳು. ಅವನು ಮುಖ ಹತ್ತಿರ ತಂದು, ಹಣೆಯಿಂದ ಗದ್ದದವರೆಗೆ ಸಾವಕಾಶವಾಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೂಗು ನಿಂದೇ ಬಂದದ ಅಕ್ಕಾ. ಪಾಪ ಹುಡುಗಿ."

ದಾರಿಯ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ನಕ್ಕೆ. "ಮತ್ತೊಮ್ಮೆ ನೋಡು ಭಾಯಿ" ಅಂದೆ. "ಚಲೋತ್ನಾಗಿ ನೋಡಿ, ಮತ್ತೊಮ್ಮೆ ಹೇಳು."